ಒಂಬತ್ತು ಸುತ್ತಿನ ನೀರು

“ಅಕ್ಕಾ, ನೀರು ಬರೋಕಿಂತ ಮೊದ್ಲ ಪೈಪಿನ್ಯಾಗ ಗಾಳಿ ಬರ್ತದರಿ. ಗಾಳಿ ಮುಂದ ಓಡ್ತದ, ನೀರು ಹಿಂದಿಂದ ಬರ್ತದ. ಮದಿವಿ ಮೆರವಣಗಿ ಮುಂದ ಬಾಜಾದವ್ರು ನಡೀತಾರಲ್ಲ, ಹಂಗ. ನಾ ಚಾವಿ ತಿರುವಿ ವಾಲು ತೆರೀತೇನಿ, ಆಮ್ಯಾಲ ಸಲಾಕಿದು ಒಂದು ತುದಿ ಪೈಪಿನ ಮ್ಯಾಲ ಇಟ್ಟು, ಇನ್ನೊಂದು ತುದಿ ಕಿವಿಗಿ ಹಚ್ಚಿ ಕೂಡ್ತೇನಿ. ನೋಡೋರಿಗಿ ಈ ಮುದುಕನ ತಲಿ ಕೆಟ್ಟದ ಅನಸ್ತದ. ಅನಸ್ಲಿ. ನನಗ ಎಲ್ಲಾ ಕೇಳಸ್ತದರಿ. ಪೂರಾ ತೆರದ ವಾಲಿನ್ಯಾಗ ನೀರು ಆರಾಮ ನಡೀತದ, ಸಂಜಿಗಿ ದನ ಮನಿಗಿ ಬಂದಂಗ. ಪೈಪು ಒಡದಿತ್ತಂದ್ರ ತಡದು ತಡದು ಅಳ್ತದ. ಯಾರರೆ ಮೋಟಾರು ಹಚ್ಚಿ ಎಳೀಲಕತ್ತಿದ್ರ ಗುಂಯ್ ಅಂತದ, ಆ ದನಿ ನೀರಿಂದಲ್ಲ, ಎಳಿಯೋರ ಹೊಟ್ಟಿದು. ಮತ್ತ ಅರ್ಧಾ ಮುಚ್ಚಿದ ವಾಲು ಇರ್ತದಲ್ಲ, ಅಲ್ಲಿ ನೀರು ಹಲ್ಲು ಕಚ್ಚಿ ಉಸಿರು ಬಿಟ್ಟಂಗ ಆಗ್ತದ. ಸುಸ್ಸ್ ಅಂತ, ಒಂದೇ ಸವನ. ಅದು ಒಂದ್ಸಲ ಕಿವಿಗಿ ಬಿತ್ತಂದ್ರ ಮರೀಲಕ್ಕಾಗಲ್ಲ. ನಮ್ಮ ದಾದಾ, ಅಂದ್ರ ಅಜ್ಜ, ಭಿಸ್ತಿ ಇದ್ದರು. ತೊಗಲಿನ ಚೀಲದಾಗ ನೀರು ತುಂಬಿ, ಬೆನ್ನಿಗಿ ಹಾಕ್ಕೊಂಡು ಮನಿ ಮನಿಗಿ ಕೊಡ್ತಿದ್ರು. ನಮ್ಮ ಅಬ್ಬಾ ಬಂಡಿ ಮ್ಯಾಲ ಪೀಪಾಯಿ ಇಟ್ಟು ಹೊಡದ್ರು. ನನ್ನ ಕೈಗಿ ಚಾವಿ ಬಂತು. ಮೂರು ತಲಿಯಿಂದ ನಾವು ಮಂದಿಗಿ ನೀರು ಕುಡಿಸಿದವ್ರು. ದಾದಾ ಅಂತಿದ್ರು, ನೀರು ಕೊಡೋದು ಸವಾಬಿನ ಕೆಲಸ, ಪುಣ್ಯೇದ ಕೆಲಸ, ಆದ್ರ ಭಿಸ್ತಿ ತನ್ನ ಮನಿಗಿ ಮೊದ್ಲ ಒಯ್ಯಬಾರ್ದು, ಕಡೀಕ ಒಯ್ಯಬೇಕು ಅಂತ. ಚೀಲದಾಗ ಉಳದ್ರ ಉಳೀತು, ಇಲ್ಲಂದ್ರ ಇಲ್ಲ. ಅದೊಂದೇ ಮಾತು ಅವ್ರು ನಮಗ ಆಸ್ತಿ ಅಂತ ಬಿಟ್ಟು ಹೋಗಿದ್ದು.”

ಶರಫೋದ್ದೀನ ಭಾಯ್ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಬಸಿಯಲ್ಲಿ ಚಾ ಸುರಿದುಕೊಂಡು ಈ ಮಾತನ್ನು ಎಷ್ಟು ಸಲ ಹೇಳಿದ್ದಾರೋ. ಹೇಳಿದಾಗಲೆಲ್ಲ ನಾನು ಕೇಳಿದ್ದೇನೆ. ಅರ್ಧ ಮುಚ್ಚಿದ ವಾಲಿನ ಮಾತು ಬಂದಾಗ ಮಾತ್ರ ಅವರು ಒಂದು ಗಳಿಗೆ ನಿಲ್ಲುತ್ತಿದ್ದರು. ಚಾ ಬಿಸಿ ಇರಬೇಕೆಂದು ನಾನು ಸುಮ್ಮನಿರುತ್ತಿದ್ದೆ.

ಬೀದರ ಶಹರದಲ್ಲಿ ದವಸದ ಪೇಟೆ ಗಾಂಧಿ ಗಂಜದ ಹಿಂದೆ, ನೆಲ ತುಸು ಏರುವ ಕಡೆ ನಮ್ಮ ಮೊಹಲ್ಲಾ ಇದೆ. ಮೂರು ಗಲ್ಲಿ, ಒಂದೇ ಪೈಪು. ನೀರು ಮೊದಲ ಗಲ್ಲಿಗೆ ಬಂದು, ನಡುವಿನ ಗಲ್ಲಿ ದಾಟಿ, ಕಡೆಗೆ ನಮ್ಮ ಗಲ್ಲಿಗೆ ಮುಟ್ಟಬೇಕು. ಭಾಯ್ ಅವರ ಮನೆ ನಡುವಿನ ಗಲ್ಲಿಯಲ್ಲಿ, ಒಂದು ದಿಬ್ಬದ ಮೇಲೆ. ನಮ್ಮದು ಕೊನೆಯ ಗಲ್ಲಿಯ ಕೊನೆಯ ಮನೆ. ನನ್ನ ಯಜಮಾನರು, ಪಂಢರಿ, ಗಂಜದಲ್ಲಿ ಹಮಾಲಿ ಮಾಡುತ್ತಿದ್ದರು. ತೊಗರಿ ಚೀಲ ಹೊತ್ತು ಹೊತ್ತು ಕೆಳಗೆ ಎರಡು ಖೋಲಿ, ಮೇಲೆ ಒಂದು ಖೋಲಿ ಕಟ್ಟಿಸಿದರು. ಅವರು ಹೋಗಿ ಎಂಟು ವರ್ಷವಾಯಿತು. ಈಗ ನಾನು, ದಾಲ್ ಮಿಲ್ಲಿಗೆ ಹೋಗುವ ಮಗ ವಿಶ್ವಾಸ, ಸೊಸೆ ಸುಮನ.

ಮೂವತ್ತೊಂದು ವರ್ಷದ ಹಿಂದೆ ಭಾಯ್ ದಿನಗೂಲಿಯ ಮೇಲೆ ನೀರು ಬಿಡುವ ಕೆಲಸಕ್ಕೆ ಸೇರಿದಾಗ ಅವರ ಕೈಯಲ್ಲಿ ಹನ್ನೆರಡು ವಾಲುಗಳಿದ್ದವು. ರಸ್ತೆಯ ಕೆಳಗೆ ಪೈಪಿಗೊಂದು ತಿರುಪು, ಅದರ ಮೇಲೆ ಸಣ್ಣ ಗುಂಡಿ, ಗುಂಡಿಗೆ ಹಾಸುಗಲ್ಲಿನ ಮುಚ್ಚಳ. ವಾಲು ಅಂದರೆ ಅಷ್ಟೇ. ಸೈಕಲ್ಲಿನ ದಂಡಿಗೆ ಆಳುದ್ದದ ಕಬ್ಬಿಣದ ಚಾವಿ ಕಟ್ಟಿಕೊಂಡು ಬಂದು, ಮುಚ್ಚಳ ಸರಿಸಿ, ಚಾವಿ ಇಳಿಸಿ ಹದಿನೆಂಟು ಸುತ್ತು ತಿರುವಿದರೆ ವಾಲು ಪೂರ್ತಿ ತೆರೆಯುತ್ತದೆ. ಆಗೆಲ್ಲ ದಿನಾ ಬೆಳಿಗ್ಗೆ ನೀರು. ನಮ್ಮ ಗಲ್ಲಿಯ ಹಿಂದೆ ಜೋಳದ ಹೊಲವಿತ್ತು.

ಆ ಹೊಲದಲ್ಲಿ ಈಗ ನಾಲ್ಕು ಅಂತಸ್ತಿನ ಹಾಸ್ಟೆಲ್ಲಿದೆ. ಡಾಕ್ಟರಕಿ ಓದಲು ತಯಾರಿ ಮಾಡುವ ಹುಡುಗಿಯರು ಎಲ್ಲೆಲ್ಲಿಂದಲೋ ಬಂದಿದ್ದಾರೆ. ನೌಬಾದ ಕಡೆ, ಚಿದ್ರಿ ಕಡೆ ನೋಡಿದಲ್ಲೆಲ್ಲ ಲೇಔಟು. ಔರಾದದಿಂದ, ಕಮಲನಗರದಿಂದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಮಂದಿ ಮಕ್ಕಳ ಸಾಲಿಗೆಂದು, ಕೂಲಿಗೆಂದು ಬಂದು ಒಂದೊಂದು ಖೋಲಿ ಹಿಡಿದರು. ಒಂದಂತಸ್ತಿನ ಮನೆಗಳು ಎರಡಾದವು, ಎರಡಿದ್ದವು ಮೂರಾದವು. ಭಾಯ್ ಅವರ ವಾಲುಗಳು ನಲವತ್ತು ದಾಟಿದವು. ಕಾರಂಜಾ ಡ್ಯಾಮಿನಿಂದ ಬರುವ ಪೈಪು ಮಾತ್ರ ಅದೇ. ದಿನಾ ಬರುತ್ತಿದ್ದ ನೀರು ಎರಡು ದಿನಕ್ಕೊಮ್ಮೆಯಾಯಿತು, ಆಮೇಲೆ ನಾಲ್ಕು, ಈಗ ಎಂಟು ದಿನಕ್ಕೊಮ್ಮೆ ಪಾಳಿ. ನಮ್ಮ ಗಲ್ಲಿಗೆ ಆ ಎಂಟನೆಯ ದಿನವೂ ದಾರದ ಹಾಗೆ ಬಂದು ನಿಂತುಬಿಡುತ್ತಿತ್ತು. ಮೊದಲೆರಡು ಗಲ್ಲಿಯವರು ತೊಟ್ಟಿ ತುಂಬಿಸಿ ಅಂಗಳ ತೊಳೆಯುವಾಗ ನಾವು ಕೊಡ ಹೊತ್ತು ಗಂಜದ ನಳಕ್ಕೆ ಹೋಗುತ್ತಿದ್ದೆವು. ಏನು ಮಾಡುವುದು, ಮಂದಿ ಹೆಚ್ಚಾದರು ಎನ್ನುತ್ತಿದ್ದರು ಎಲ್ಲರೂ. ನಾನೂ ಹಾಗೇ ಅನ್ನುತ್ತಿದ್ದೆ.

ಪಂಢರಿ ಹಾಸಿಗೆ ಹಿಡಿದ ವರ್ಷದಿಂದ ಭಾಯ್ ಪಾಳಿಯ ದಿನ ತಮ್ಮ ಮನೆಯ ನಳದಿಂದ ಎರಡು ಕೊಡ ತುಂಬಿ, ಸೈಕಲ್ಲಿನ ಎರಡೂ ಕಡೆ ತೂಗುಹಾಕಿ, ನಮ್ಮ ಹೊಸ್ತಿಲಿಗೆ ತಂದು ಇಡುತ್ತಿದ್ದರು. ಕೇಳಿದ್ದಿಲ್ಲ, ಹೇಳಿದ್ದಿಲ್ಲ. ನಾನು ಸಂತಪುರದಲ್ಲಿ ಹುಟ್ಟಿದವಳು. ನನ್ನ ಅವ್ವ ಊರ ಬಾವಿಯ ಮಗ್ಗುಲಲ್ಲಿ ಖಾಲಿ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದಳು. ನಾವು ಬಾವಿ ಮುಟ್ಟುವ ಹಾಗಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿಯುವವರೆಗೆ ನಿಲ್ಲಬೇಕು. ಅವಳ ಸೀರೆ ಹಿಡಿದು ನಾನೂ ನಿಂತಿದ್ದೇನೆ. ಅಂಥವಳ ಹೊಸ್ತಿಲಿಗೆ ಒಬ್ಬರು ನೀರು ತಂದು ಇಟ್ಟು ಹೋಗುವುದೆಂದರೆ ಏನು ಎಂಬುದನ್ನು ನಾನು ಅವರಿಗೆ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಚಾ ಮಾಡಿ ಕೊಡುತ್ತಿದ್ದೆ.

ಈ ಸಲದ ಬೇಸಿಗೆಯಲ್ಲಿ ಎರಡು ಪಾಳಿ ಹೋದರೂ ನಮ್ಮ ಗಲ್ಲಿಯ ಯಾವ ನಳದಲ್ಲೂ ಒಂದು ಕೊಡ ತುಂಬುವಷ್ಟು ನೀರು ಬರಲಿಲ್ಲ. ಹತ್ತೊಂಬತ್ತು ದಿನ. ನೀರಿನ ಆಫೀಸಿನವರು ಬಂದು ನಳ ತಿರುವಿ ನೋಡಿದರು. ನಿಮ್ಮದು ಎತ್ತರದ ಜಾಗ, ಮಂದಿ ಹೆಚ್ಚಾಗಿದ್ದಾರೆ, ಹೊಸ ಪೈಪಿನ ಯೋಜನೆ ಬರುವವರೆಗೆ ಟ್ಯಾಂಕರು ತರಿಸಿಕೊಳ್ಳಿ ಎಂದು ಹೋದರು. ಆ ಸಂಜೆ ಗಲ್ಲಿಯ ಹದಿನೇಳು ಮನೆಯವರು ಶಮೀಮಳ ಕಟ್ಟೆಯ ಮುಂದೆ ಕೂಡಿದೆವು. ಶಮೀಮ ಬಳೆ ಮಾರುವವಳು, ನೆಟ್ಟಗೆ ಮಾತಾಡುವವಳು. ಅವಳೇ ಅಂದಳು, ಮನೆಯವರಿಗೇ ಇಲ್ಲದ ನೀರು ಬಾಡಿಗೆಯವರಿಗೆ ಎಲ್ಲಿಂದ ತರೋದು, ಜೂನಿನೊಳಗೆ ಎಲ್ಲರೂ ತಮ್ಮ ತಮ್ಮ ಬಾಡಿಗೆಯವರನ್ನು ಬಿಡಿಸಬೇಕು ಎಂದು. ಐದು ಮನೆಗಳಲ್ಲಿ ಬಾಡಿಗೆಯವರಿದ್ದರು. ಅದರಲ್ಲಿ ನಮ್ಮದೂ ಒಂದು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ನಮ್ಮ ಮೇಲಿನ ಖೋಲಿಯಲ್ಲಿ ಔರಾದ ಕಡೆಯ ರಾಜರತ್ನನ ಸಂಸಾರವಿದೆ. ಅವನು ಗೌಂಡಿ. ಲೇಔಟುಗಳಲ್ಲಿ ಗೋಡೆ ಕಟ್ಟುವ ಕೆಲಸ. ಅವನ ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿದ್ದಾರೆ. “ಮೌಶಿ, ನಾ ಕಟ್ಟಿದ ಮನಿಗೋಳಿಗೆಲ್ಲ ನೀರು ಬರ್ತದ, ನಾ ಇರೋ ಮನಿಗಿ ಬರಲ್ಲ” ಎಂದು ನಗುವವನು. ಅವನಿಗೆ ಹೇಗೆ ಹೇಳುವುದೆಂದು ನಾನು ಎರಡು ದಿನ ಬಾಯಿ ಕಟ್ಟಿಕೊಂಡಿದ್ದೆ.

ಮೂರನೆಯ ದಿನ, ಪಾಳಿಯಲ್ಲದಿದ್ದರೂ, ಭಾಯ್ ತಮ್ಮ ತೊಟ್ಟಿಯಿಂದ ಎರಡು ಕೊಡ ತುಂಬಿ ತಂದರು. ಅವರು ಆಗಷ್ಟೇ ಭಾಲ್ಕಿಯಿಂದ ಬಂದಿದ್ದರು. ಮಗಳು ಫರ್ಹೀನಳನ್ನು ಅಲ್ಲಿಗೆ ಕೊಟ್ಟಿದ್ದಾರೆ. ಅಳಿಯ ಅವರನ್ನು ಕಿವಿ ಡಾಕ್ಟರ ಬಳಿ ಕರೆದೊಯ್ದಿದ್ದನಂತೆ. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ. ಈ ತಿಂಗಳ ಕೊನೆಗೆ ಕೆಲಸದಿಂದಲೂ ಬಿಡುಗಡೆ. ಇದನ್ನು ಭಾಯ್ ಸಣ್ಣ ದನಿಯಲ್ಲಿ ಹೇಳಿದರು, ನಾನು ದೊಡ್ಡ ದನಿಯಲ್ಲಿ ಸಮಾಧಾನ ಹೇಳಬೇಕಾಯಿತು. ಹಾಗೇ ಮಾತಿಗೆ ಮಾತು ಬಂದು, ರಾಜರತ್ನನ ಸಂಸಾರವನ್ನು ಬಿಡಿಸಬೇಕಾಗಿದೆ, ಪಾಪ ಅನಿಸುತ್ತದೆ, ಆದರೆ ಮಂದಿ ಹೆಚ್ಚಾದ ಮೇಲೆ ಏನು ಮಾಡುವುದು ಎಂದೆ.

ಭಾಯ್ ಬಸಿ ಕೆಳಗಿಟ್ಟರು. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಲು ಹೋದೆ. ಕೈ ಎತ್ತಿ ಬೇಡವೆಂದರು.

“ಬಿಡಸಬ್ಯಾಡ್ರಿ ಅಕ್ಕಾ. ಅವ್ರ ತಪ್ಪಿಲ್ಲ. ನಿಮ್ಮ ಗಲ್ಲಿ ವಾಲು ನಾನೇ ಅರ್ಧಾ ಮುಚ್ಚೀನಿ. ಹನ್ನೊಂದು ವರ್ಷ ಆತು.”

ಆಮೇಲೆ ಅವರು ನೆಲ ನೋಡುತ್ತಲೇ ಎಲ್ಲ ಹೇಳಿದರು. ಫರ್ಹೀನಳ ನಿಕಾಹದ ದಿನ ಮನೆ ತುಂಬ ಮಂದಿ, ಅಂಗಳದಲ್ಲಿ ಅಡುಗೆಯ ದೊಡ್ಡ ಡೇಗುಗಳು, ನಳದಲ್ಲಿ ನೀರಿನ ಜೋರಿಲ್ಲ. ಮುನವ್ವರ ಬೇಗಂ, ಭಾಯ್ ಅವರ ಹೆಂಡತಿ, ಬಾಗಿಲಲ್ಲಿ ನಿಂತು ಊರಿಗೆಲ್ಲ ನೀರು ಬಿಡುವವರ ಮನೆಯಲ್ಲೇ ಬೀಗರಿಗೆ ಕೈ ತೊಳೆಯಲು ನೀರಿಲ್ಲವೇ ಎಂದರಂತೆ. ನಡುವಿನ ಗಲ್ಲಿ ಮುಗಿದು ನಮ್ಮ ಗಲ್ಲಿ ಹೊರಳುವ ಮೂಲೆಯಲ್ಲಿ ನಮ್ಮ ವಾಲು. ಅದನ್ನು ಒಂದಿಷ್ಟು ಮುಚ್ಚಿದರೆ ನೀರು ನಡುವಿನ ಗಲ್ಲಿಯಲ್ಲೇ ನಿಲ್ಲುತ್ತದೆ. ಭಾಯ್ ಹೋಗಿ ಒಂಬತ್ತು ಸುತ್ತು ಮುಚ್ಚಿದರು. ಎರಡು ತಾಸಿನ ಮಾತು, ಊಟವಾದ ಮೇಲೆ ತೆರೆದರಾಯಿತು ಎಂದುಕೊಂಡರು. ಊಟ, ಮಗಳನ್ನು ಕಳಿಸುವ ಬಿದಾಯಿ, ಅವಳ ಅಳು, ತಮ್ಮ ಅಳು, ಇದರಲ್ಲಿ ಮರೆತರು. ಮರುದಿನ ಗಂಡಿನ ಮನೆಯ ವಲೀಮಾ ಊಟಕ್ಕೆ ಎಲ್ಲರೂ ಭಾಲ್ಕಿಗೆ ಹೋದರು. ಮುಂದಿನ ವಾರ ಹಾಕಬೇಕಾಗಿದ್ದ ಸಿಮೆಂಟು ರಸ್ತೆಯನ್ನು ಮಿಷನ್ನು ಖಾಲಿ ಇದೆಯೆಂದು ಗುತ್ತೇದಾರನ ಆಳುಗಳು ಅವತ್ತೇ ಹಾಕಿಬಿಟ್ಟರು. ಭಾಯ್ ತಿರುಗಿ ಬಂದು ನೋಡಿದರೆ ಮೂಲೆಯಲ್ಲಿ ಮುಚ್ಚಳವೂ ಇಲ್ಲ, ಗುಂಡಿಯೂ ಇಲ್ಲ. ಹಸಿ ಸಿಮೆಂಟಿನ ಮೇಲೆ ಗೋಣಿತಟ್ಟು ಹಾಸಿ ನೀರು ಹೊಡೆಯುತ್ತಿದ್ದರು.

ರಸ್ತೆ ಕೆಲಸದ ಮುಕಾದಮನಿಗೆ ಒಡೆದು ಕೊಡು ಎಂದರೆ ಆಫೀಸಿನಿಂದ ಕಾಗದ ತಾ ಅಂದನಂತೆ. ಆಫೀಸಿಗೆ ಹೋದರೆ ಯಾಕೆ ಮುಚ್ಚಿದೆ ಎಂದು ಕೇಳುತ್ತಾರೆ. ದಿನಗೂಲಿಯ ಕೆಲಸ, ಹೋದರೆ ಹೋಯಿತು.

“ಮೊದ್ಲ ಎರಡು ವರ್ಷ ನಿಮಗ ಗೊತ್ತೇ ಆಗ್ಲಿಲ್ಲರಿ. ಮಂದಿ ಕಡಿಮಿ ಇದ್ದರು, ಅರ್ಧಾ ವಾಲು ಸಾಕಾಗ್ತಿತ್ತು. ನಾನೂ ಸುಮ್ನ ಕೂತೆ. ಆಮ್ಯಾಲ ಮ್ಯಾಲ ಮ್ಯಾಲ ಮನಿ ಎದ್ದವು, ಹಾಸ್ಟೆಲ್ ಎದ್ದಿತು. ಎಲ್ಲಾರೂ ಮಂದಿ ಹೆಚ್ಚಾದ್ರು ಅಂದ್ರು. ನನಗ ಅದೊಂದು ಆಸರಾ ಸಿಕ್ಕಂಗಾತು.”

ಅವತ್ತು ನಾನು ಎರಡನೆಯ ಬಸಿ ಚಾ ಹಾಕಲಿಲ್ಲ. ಹೋಗಿ ಬರುತ್ತೇನೆ ಎಂದರು, ಹ್ಞೂಂ ಎಂದೆ. ಒಳಗೆ ಹೋಗಿ ಕುಳಿತೆ. ಸುಮನಳ ನೆತ್ತಿ ಕೊಡ ಹೊತ್ತು ಹೊತ್ತು ಸವೆದು ಅಲ್ಲಿನ ಕೂದಲು ತೆಳ್ಳಗಾಗಿದೆ. ಪಂಢರಿಯ ಕೊನೆಯ ದಿನಗಳಲ್ಲಿ ಅವರಿಗೆ ಮೈ ಒರೆಸಲು ನೀರು ಸಾಲದೆ ಒದ್ದೆ ಬಟ್ಟೆಯನ್ನೇ ಹಿಂಡಿ ಹಿಂಡಿ ಒರೆಸಿದ್ದು ನೆನಪಾಯಿತು. ಆ ಮದುವೆಯ ಬಿರಿಯಾನಿ ನಾನೂ ಉಂಡಿದ್ದೆ, ರುಚಿಯಾಗಿತ್ತು ಎಂದು ಹೇಳಿದ್ದೆ. ಅವರು ತಂದಿಟ್ಟ ಎರಡು ಕೊಡ ಹೊಸ್ತಿಲಲ್ಲೇ ಇದ್ದವು. ಮಧ್ಯಾಹ್ನದವರೆಗೆ ಮುಟ್ಟಲಿಲ್ಲ. ಆಮೇಲೆ ರಾಜರತ್ನನ ಸಣ್ಣ ಮಗಳು ಸಾಲಿಯಿಂದ ಬಂದು ನೀರು ಕೇಳಿದಳು. ಕೊಡದಿಂದ ತುಂಬಿ ಕೊಟ್ಟೆ. ಅವಳು ಗಟಗಟ ಕುಡಿದು ಚೊಂಬು ಬೋರಲು ಹಾಕಿ ಹೋದಳು. ಆ ಮಗು ಕುಡಿದದ್ದು ನೀರೇ ತಾನೆ ಎನಿಸಿತು. ಸಂಜೆ ಎದ್ದು ನಡುವಿನ ಗಲ್ಲಿಗೆ ಹೋದೆ.

ಮುನವ್ವರ ಬೇಗಂ ಬಾಗಿಲಲ್ಲೇ ಸಿಕ್ಕರು. ಅವರಿಗೂ ಅವತ್ತೇ ಗೊತ್ತಾಗಿತ್ತು. “ಮೂವತ್ತೈದು ವರ್ಷದಾಗ ನನ್ನ ಒಂದು ಮಾತು ಕೇಳಿದವ್ರಲ್ಲ ಇವ್ರು. ಕೇಳಿದ್ದೂ ಅದೊಂದೇ ಮಾತು, ನೋಡ್ರಿ ಹ್ಯಾಂಗ ಕೇಳ್ಯಾರ. ಈಗ ಡಾಕ್ಟರ್ ಚೀಟೀನೇ ಕೊಟ್ಟಾನ, ಕಿವಿ ಇಲ್ಲ ಅಂತ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಭಾಯ್ ಅವರಿಗೆ ಹೇಳಿದೆ, ಆದದ್ದು ಆಯಿತು, ವಾಲು ಇನ್ನೂ ನೆಲದೊಳಗಿದೆ, ನೀವು ಕೆಲಸ ಬಿಟ್ಟ ಮೇಲೆ ಅದು ಇದೆಯೆಂದು ಹೇಳುವವರೂ ಇರುವುದಿಲ್ಲ, ನಾಳೆ ಆಫೀಸಿಗೆ ಹೋಗೋಣ.

ಆಫೀಸಿನಲ್ಲಿ ಸುಶೀಲಕುಮಾರ ಎಂಬ ಎಂಜಿನಿಯರು. ವಯಸ್ಸಿನಲ್ಲಿ ವಿಶ್ವಾಸನಿಗಿಂತ ಸಣ್ಣವರು. ಮೂಲೆಯಲ್ಲಿ ಒಂದು ವಾಲು ಹೂತುಹೋಗಿದೆ ಎಂದು ಭಾಯ್ ಹೇಳಿದರು. ಯಾಕೆ ಮುಚ್ಚಿದೆ ಎಂದು ಅವರೂ ಕೇಳಲಿಲ್ಲ, ಭಾಯ್ ಕೂಡ ಅಲ್ಲಿ ಹೇಳಲಿಲ್ಲ. ನಕಾಶೆಯಲ್ಲಿ ಅಂಥ ವಾಲೇ ಇಲ್ಲ ಎಂದರು ಸಾಹೇಬರು. ಹುಡುಕುತ್ತ ರಸ್ತೆ ತುಂಬ ಗುಂಡಿ ತೋಡಿದರೆ ನನ್ನ ನೌಕರಿಗೆ ಬರುತ್ತದೆ, ಒಂದೇ ಗುಂಡಿಗೆ ಅನುಮತಿ ಕೊಡುತ್ತೇನೆ, ಅಲ್ಲಿ ಸಿಗದಿದ್ದರೆ ಕೈ ಬಿಡಬೇಕು ಎಂದರು.

ಹೊರಗೆ ಬಂದ ಮೇಲೆ ಭಾಯ್ ಬೇವಿನ ಗಿಡದ ಕೆಳಗೆ ನಿಂತರು. ಒಂದೇ ಗುಂಡಿ ಎಂದರೆ ಸಲಾಕಿ ಹಚ್ಚಿ ಕೇಳದೆ ಆಗುವುದಿಲ್ಲ. ಅರ್ಧ ಮುಚ್ಚಿದ ವಾಲು ಸಿಮೆಂಟಿನ ಕೆಳಗಿದ್ದರೂ ಸದ್ದು ಮಾಡುತ್ತದೆ. ಆದರೆ ತಮ್ಮ ಕಿವಿ ಹೋಗಿದೆ ಎಂದರು.

“ನೀವು ಕೇಳಬೇಕ್ರಿ ಅಕ್ಕಾ. ಇಷ್ಟು ವರ್ಷ ನಾ ಹೇಳಿದ್ದೆಲ್ಲಾ ಕೂತು ಕೇಳೀರಿ. ಆ ಸಪ್ಪಳ ಹ್ಯಾಂಗಿರ್ತದ ಅಂತ ನಿಮಗ ಗೊತ್ತದ.”

ಗುರುವಾರ ನಮ್ಮ ಮೊಹಲ್ಲಾದ ಪಾಳಿ. ಬೆಳಗಿನ ನಮಾಜು ಮುಗಿದು, ಗಂಜದ ಲಾರಿಗಳು ಇನ್ನೂ ಏಳದ ಹೊತ್ತು. ಭಾಯ್ ಮೊದಲ ಗಲ್ಲಿಯ ವಾಲು ತೆರೆದು ಬಂದರು. ಒಂದು ಮೋಟಾರು ಓಡಿದರೂ ಅದರ ಸದ್ದಿನಲ್ಲಿ ಬೇರೇನೂ ಕೇಳಿಸುವುದಿಲ್ಲ. ಅದಕ್ಕೇ ಮುನವ್ವರ ಬೇಗಂ ಎರಡೂ ಗಲ್ಲಿಯ ಬಾಗಿಲು ಬಾಗಿಲಿಗೆ ಹೋಗಿ, ಅರ್ಧ ತಾಸು ಯಾರಾದರೂ ಮೋಟಾರಿನ ಬಟನ್ ಒತ್ತಿದರೆ ತಾನು ಅವರ ಮನೆಯ ಮದುವೆಗೆ ಬಂದು ಕುಣಿಯುವುದಿಲ್ಲ ಎಂದು ಹೆದರಿಸಿ ಬಂದರು.

ಮೂಲೆಯಲ್ಲಿ ಲಾಲ ಅಹ್ಮದನ ಕಿರಾಣಿ ಅಂಗಡಿ. ಅಂಗಡಿಯ ಬಾಗಿಲಿನಿಂದ ಆರು ಹೆಜ್ಜೆಗೆ ವಾಲು ಎಂದು ಭಾಯ್ ಅವರಿಗೆ ಖಚಿತ ನೆನಪು. ಆರು ಹೆಜ್ಜೆ ಅಳೆದು ಸಲಾಕಿ ನಿಲ್ಲಿಸಿ ಹಿಡಿದರು. ನಾನು ಮೊಣಕಾಲೂರಿ ಕುಳಿತು ಕಿವಿ ಹಚ್ಚಿದೆ. ಕಬ್ಬಿಣ ತಣ್ಣಗಿತ್ತು. ನನ್ನದೇ ಎದೆ ಬಡಿಯುವುದು ಕೇಳಿಸಿತು, ಮತ್ತೇನಿಲ್ಲ. ಇಲ್ಲ ಎಂದು ಕೈ ಆಡಿಸಿದೆ. ಇನ್ನೊಮ್ಮೆ ಕೇಳಿ ಎಂದರು. ಕೇಳಿದೆ. ಇಲ್ಲ. ಎಡಕ್ಕೆ ಸರಿದೆವು, ಬಲಕ್ಕೆ ಸರಿದೆವು. ಬಲಕ್ಕೆ ಎಲ್ಲೋ ದೂರದಲ್ಲಿ ಯಾರೋ ಹಾಲು ಆರಿಸಲು ಊದಿದ ಹಾಗೆ ಇತ್ತು. ನಾನೇ ಸಲಾಕಿ ಕೈಗೆ ತೆಗೆದುಕೊಂಡು ಅಂಗಡಿಯ ಕಡೆಗೆ ಒಂದೊಂದೇ ಹೆಜ್ಜೆ ಹೋದೆ. ಬಾಗಿಲಿಗೆ ಮೂರು ಹೆಜ್ಜೆ ಉಳಿದಾಗ ಅದು ಕಿವಿಯೊಳಗೇ ಬಂತು. ಸುಸ್ಸ್, ಒಂದೇ ಸವನ. ಹಲ್ಲು ಕಚ್ಚಿ ಉಸಿರು ಬಿಟ್ಟ ಹಾಗೆ.

ಇಲ್ಲೇ ಎಂದೆ. ಭಾಯ್ ತಲೆ ಅಲ್ಲಾಡಿಸಿದರು. ಆರು ಹೆಜ್ಜೆ, ನನ್ನ ಕೈಯಿಂದ ಮುಚ್ಚಿದ್ದು, ನನಗೆ ಮರೆಯುತ್ತದೆಯೇ ಎಂದರು. ಅಷ್ಟರಲ್ಲಿ ಸುಶೀಲಕುಮಾರ ಸಾಹೇಬರೂ ಬಂದಿದ್ದರು, ಗಲ್ಲಿಯ ಮಂದಿಯೂ ಕೂಡಿತ್ತು. ಸಾಹೇಬರು ಎಲ್ಲಿ ತೋಡಲಿ ಹೇಳಿ ಎಂದು ನಿಂತರು. ಭಾಯ್ ನನ್ನ ಮುಖ ನೋಡಿದರು. ನಾನು ಸಲಾಕಿ ನಿಲ್ಲಿಸಿದಲ್ಲಿಂದ ಕೈ ತೆಗೆಯಲಿಲ್ಲ.

“ಅಕ್ಕ ಹೇಳಿದಲ್ಲೇ ತೋಡ್ರಿ ಸಾಬ್” ಎಂದರು ಭಾಯ್.

ಆಫೀಸಿನ ಆಳುಗಳಿಗಿಂತ ಮೊದಲು ರಾಜರತ್ನ ಚಾಣ, ಸುತ್ತಿಗೆ ಹಿಡಿದು ಕುಳಿತ. ಚೌಕ ಗೆರೆ ಹೊಡೆದು, ಆಚೆಗೆ ಒಂದು ಬಿರುಕೂ ಹೋಗದ ಹಾಗೆ ಸಿಮೆಂಟು ಒಡೆದ. ಸದ್ದಿಗೆ ಎದ್ದು ಬಂದ ಲಾಲ ಅಹ್ಮದ ನನ್ನ ಅಂಗಡಿಯ ಮೆಟ್ಟಿಲಿಗೇ ಯಾಕೆ ಬಂದಿರಿ ಎಂದು ಗೊಣಗಿದ. ಶಮೀಮ ಬಿಟ್ಟಾಳೆಯೇ. “ನೀವೇ ಬಂದೀರಿ ಭಾಯ್ ರಸ್ತಾಕ್ಕ. ನಾಕು ವರ್ಷದ ಹಿಂದ ಅಂಗಡಿ ಮುಂದಕ್ಕ ತಂದಿದ್ದು ಯಾರು?” ಎಂದಳು. ಆಗ ಭಾಯ್ ಹಣೆ ಹಣೆ ಬಡಿದುಕೊಂಡರು. ಅವರು ಅಳೆದದ್ದು ಹೊಸ ಬಾಗಿಲಿನಿಂದ. ಊರಿನ ಜೊತೆ ಅಂಗಡಿಯೂ ಮೂರು ಹೆಜ್ಜೆ ಬೆಳೆದಿತ್ತು.

ಸಿಮೆಂಟಿನ ಕೆಳಗೆ ಮುರುಮಿನ ಮಣ್ಣು, ಮುರುಮಿನ ಕೆಳಗೆ ಹಾಸುಗಲ್ಲು. ಕಲ್ಲೆತ್ತಿದರೆ ಗುಂಡಿ, ಗುಂಡಿಯಲ್ಲಿ ಕೆಂಪಗೆ ಜಂಗು ಹಿಡಿದ ವಾಲು. ಗಲ್ಲಿಯ ಮಂದಿ ಬಗ್ಗಿ ನೋಡಿದರು. ಸಾಹೇಬರು ಮೊಬೈಲಿನಲ್ಲಿ ಫೋಟೋ ತೆಗೆದರು. ಜಂಗು ಹಿಡಿದು ತಾನೇ ಮುಚ್ಚಿಕೊಂಡಿರಬೇಕು, ಹಾಗೇ ಬರೆಯುತ್ತೇನೆ ಎಂದರು. ನನಗೆ ಉಸಿರು ಹಗುರಾಯಿತು. ಅಲ್ಲಿಗೇ ಮುಗಿದಿದ್ದರೆ ಮುಗಿಯುತ್ತಿತ್ತು.

ಭಾಯ್ ಚಾವಿಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತರು.

“ಇಲ್ಲರಿ ಸಾಬ್. ಜಂಗಿನ ಮ್ಯಾಲ ಹಾಕಬ್ಯಾಡ್ರಿ. ನಾ ಮುಚ್ಚೀನಿ. ನನ್ನ ಮಗಳ ನಿಕಾಹದ ದಿನ, ನನ್ನ ಮನಿ ನೀರಿನ ಸಲುವಾಗಿ, ಒಂಬತ್ತು ಸುತ್ತು. ತೆರೀಬೇಕನ್ನೋದ್ರಾಗ ರಸ್ತಾ ಬಂತು. ಆಮ್ಯಾಲ ಹೇಳಲಕ್ಕ ಧೈರ್ಯ ಆಗ್ಲಿಲ್ಲ. ಹನ್ನೊಂದು ವರ್ಷ ಮುಚ್ಚಿಟ್ಟೆ. ಈ ಗಲ್ಲಿ ಹೆಣ್ಮಕ್ಕಳು ನನ್ನ ಕಣ್ಮುಂದ ಕೊಡ ಹೊತ್ತಾರ.”

ಹಾಸ್ಟೆಲ್ಲಿಗೆ ನೀರು ತಂದ ಟ್ಯಾಂಕರು ಆಚೆ ರಸ್ತೆಯಲ್ಲಿ ಹಿಂದೆ ಮುಂದೆ ಮಾಡುತ್ತಿತ್ತು, ಅದರ ಸದ್ದಷ್ಟೇ. ಸುಮನ ತಲೆಯ ಮೇಲಿನ ಸಿಂಬೆ ತೆಗೆದು ಕೈಯಲ್ಲಿ ಹಿಡಿದಿದ್ದಳು. ಭಾಯ್ ತಲೆ ಎತ್ತಲಿಲ್ಲ. ಕಡೆಗೆ ಶಮೀಮಳೇ ಬಾಯಿ ಬಿಟ್ಟಳು.

“ಹಂಗಾರ ಫರ್ಹೀನನ ಮದಿವಿ ಬಿರಿಯಾನಿ ನಮಗ ಭಾಳ ತುಟ್ಟಿ ಬಿತ್ತಲ್ಲ ಭಾಯ್. ಹನ್ನೊಂದು ವರ್ಷ ನೀರು ಹೊತ್ತೀವಿ ಒಂದು ಪ್ಲೇಟಿಗಿ. ನನಗಂತೂ ಅವತ್ತು ಖಂಡದ ಒಂದು ಬೋಟಿನೂ ಸಿಕ್ಕಿಲ್ಲ, ಬರೇ ಅನ್ನ.”

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ನಕ್ಕವರೆಲ್ಲ ಕ್ಷಮಿಸಿದರು ಎಂದಲ್ಲ. ನಮ್ಮ ಪಕ್ಕದ ಮನೆಯಾಕೆ ಮುಖ ತಿರುಗಿಸಿ ಒಳಗೆ ಹೋದಳು, ಇವತ್ತಿಗೂ ಭಾಯ್ ಅವರೊಡನೆ ಮಾತಿಲ್ಲ. ಸಾಹೇಬರು ತಮ್ಮ ವಹಿ ಮಡಚಿ ಜೇಬಿಗೆ ಹಾಕಿಕೊಂಡು, ಮೊದಲು ತೆರೆಯಿರಿ ಎಂದರು.

ಸೀಮೆಎಣ್ಣೆ ಸುರಿದು ಸ್ವಲ್ಪ ಹೊತ್ತು ಬಿಟ್ಟರು. ಭಾಯ್ ಚಾವಿ ಇಳಿಸಿ ಒತ್ತಿದರೆ ಅಲ್ಲಾಡಲಿಲ್ಲ. ರಾಜರತ್ನ ಎದುರಿನ ಹಿಡಿ ಹಿಡಿದ. ಇಬ್ಬರೂ ಸೇರಿ ಒತ್ತಿದಾಗ ನೆಲದೊಳಗೆ ಕಟಕ್ಕೆಂದಿತು. ಒಂದು ಸುತ್ತು. ಅವರ ಸುತ್ತ ನಿಂತವರು ತುಟಿಯಲ್ಲೇ ಎಣಿಸತೊಡಗಿದರು. ನಾನು ಸಲಾಕಿಗೆ ಕಿವಿ ಹಚ್ಚಿ ಕುಳಿತಿದ್ದೆ. ಎರಡು, ಮೂರು ಎನ್ನುವಾಗ ಸುಯ್ಯುವ ಸದ್ದು ಇನ್ನೂ ಜೋರಾಯಿತು. ಐದಕ್ಕೆ ದಪ್ಪಗಾಯಿತು. ಎಂಟಕ್ಕೆ ಕ್ಷೀಣವಾಯಿತು. ಒಂಬತ್ತು ಎಂದಾಗ ಆ ಸದ್ದು ಇರಲಿಲ್ಲ. ನೀರು ನಡೆಯುತ್ತಿತ್ತು, ಆರಾಮವಾಗಿ. ಭಾಯ್ ನನ್ನ ಮುಖವನ್ನೇ ನೋಡುತ್ತಿದ್ದರು. ದನ ಮನೆಗೆ ಬಂದವು ಎಂದು ಅವರ ಎಡಗಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

ನೀರು ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಕಾರಂಜಾದಲ್ಲಿ ಇದ್ದಷ್ಟೇ ಇದೆ, ಊರು ಬೆಳೆಯುವುದು ನಿಂತಿಲ್ಲ, ಹಾಸ್ಟೆಲ್ಲಿಗೆ ಐದನೆಯ ಅಂತಸ್ತಿನ ಕಂಬಿಗಳು ಎದ್ದಿವೆ. ಪಾಳಿ ಎಂಟು ದಿನಕ್ಕೇ. ಆದರೆ ಆ ಎಂಟನೆಯ ದಿನ ಈಗ ನಮ್ಮ ಗಲ್ಲಿಗೂ ಮುಕ್ಕಾಲು ತಾಸು ನೀರು ಬರುತ್ತದೆ, ಎಲ್ಲರ ಹಾಗೆ. ಬಾಡಿಗೆಯವರನ್ನು ಬಿಡಿಸುವ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಯಾರೂ ಮತ್ತೆ ಎತ್ತಲೂ ಇಲ್ಲ. ನಾನು ಮಾತ್ರ ರಾಜರತ್ನನನ್ನು ಕೂರಿಸಿಕೊಂಡು, ಅವತ್ತು ನಾನೂ ತಲೆಯಾಡಿಸಿದ್ದೆನಪ್ಪಾ ಎಂದು ಹೇಳಿದೆ. “ಗೊತ್ತಿತ್ತು ಮೌಶಿ. ನಿಮ್ಮ ಮ್ಯಾಲಿನ ಖೋಲಿ ಗೋಡಿಗಿ ಸಿಮೆಂಟಿನ ಗಿಲಾಯಿ ಮಾಡಿದವ ನಾನೇ, ಕೆಳಗಿಂದು ಎಲ್ಲಾ ಕೇಳಸ್ತದ” ಎಂದು ನಕ್ಕ. ಆ ನಗೆಯಲ್ಲಿ ಸ್ವಲ್ಪ ನೋವೂ ಇತ್ತು, ನನಗೆ ಗೊತ್ತಾಯಿತು. ಅವನು ಒಡೆದ ರಸ್ತೆಯ ಚೌಕಕ್ಕೆ ಈಗ ಕಬ್ಬಿಣದ ಮುಚ್ಚಳ ಕೂರಿಸಿದ್ದಾನೆ. ಲಾಲ ಅಹ್ಮದ ದಿನಾ ಅದರ ಮೇಲಿನ ಧೂಳು ಗುಡಿಸುತ್ತಾನೆ.

ತಿಂಗಳ ಕೊನೆಗೆ ಭಾಯ್ ಚಾವಿಯನ್ನು ಆಫೀಸಿಗೆ ಒಪ್ಪಿಸಿದರು. ಸಲಾಕಿಯನ್ನು ಅವರು ಕೇಳಲಿಲ್ಲ, ಇವರು ಕೊಡಲಿಲ್ಲ.

ಮೊನ್ನೆಯ ಪಾಳಿಯ ದಿನ ನಮ್ಮ ನಳ ಬಿಟ್ಟುಕೊಂಡು ಸುಮನ ಹಂಡೆ ತುಂಬಿಸುತ್ತಿದ್ದಳು. ಸೈಕಲ್ಲಿನ ಸದ್ದಾಯಿತು. ಭಾಯ್, ಎರಡೂ ಕಡೆ ಕೊಡ. ಸುಮನ ನಕ್ಕುಬಿಟ್ಟಳು, ಮಾಮಾ, ಈಗ ನಮ್ಮಲ್ಲೇ ನೀರು ಬರುತ್ತದಲ್ಲ ಎಂದು. ಭಾಯ್ ಇಳಿದು ಕೊಡಗಳನ್ನು ಕಟ್ಟೆಯ ಮೇಲಿಟ್ಟರು. ಇಡುವಾಗ ಅವು ಟಣ್ ಎಂದವು. ಖಾಲಿ.

ಅವರು ನಿಂತೇ ಇದ್ದರು. ಈ ವಾಲು ಪೂರ್ತಿ ತೆರೆದ ಮೇಲೆ ನಡುವಿನ ಗಲ್ಲಿಯಲ್ಲಿ ನೀರಿನ ಜೋರು ಇಳಿದಿದೆಯಂತೆ. ಅವರ ಮನೆ ದಿಬ್ಬದ ಮೇಲೆ, ಇವತ್ತು ಅಲ್ಲಿಗೆ ದಾರದ ಹಾಗೆ ಬಂದು ನಿಂತಿತು ಎಂದರು. ಮುನವ್ವರ ಬೇಗಂ ಕಳಿಸಿದ್ದರಂತೆ, ಕೇಳಲು ಭಾಯ್ ಅವರಿಗೆ ಬಾಯಿ ಬರುತ್ತಿರಲಿಲ್ಲ. ದಾದಾ ಹೇಳಿದ ಹಾಗೆ ಕಡೆಗೆ ನಮ್ಮ ಮನೆಯ ಪಾಳಿ ಬಂತು ಅಕ್ಕಾ ಎಂದಷ್ಟೇ ಅಂದರು.

ಸುಮನಳಿಗೆ ಚಾ ಇಡಲು ಹೇಳಿ, ಅವರ ಕೊಡಗಳನ್ನು ಎಳೆದುಕೊಂಡೆ. ಸೈಕಲ್ಲಿನ ಮೇಲೆ ಬಂದದ್ದಕ್ಕೆ ಧೂಳು ಹತ್ತಿತ್ತು. ಒಲೆಯ ಬೂದಿ, ಹುಣಸೆಹಣ್ಣು ತಂದು ಒಂದೊಂದಾಗಿ ತಿಕ್ಕಿದೆ, ಕಂಠದ ಸುತ್ತ, ತಳದ ಬಳಿ, ಒಳಗೆ ಕೈ ಹಾಕಿ. ತಿಕ್ಕಿದ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದೆ. ಸೋಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೊದಲನೆಯ ಕೊಡದ ಬಾಯಿಗೆ ಕಟ್ಟಿ, ನಳದ ಕೆಳಗೆ ಇಟ್ಟೆ.